ಅಂಗಡಿ ಲೆಕ್ಕದಲ್ಲಿ ಇಲ್ಲದ ಕಾಶಮ್ಮ

ನೌಕರಿಯಲ್ಲಿ ನಾನು ಹತ್ತಿಳಿದ ಅಂಗಡಿ ಕಟ್ಟೆಗಳಷ್ಟು ಗುಡಿಯ ಮೆಟ್ಟಿಲು ಹತ್ತಿದ್ದರೆ ಇಷ್ಟೊತ್ತಿಗೆ ಒಂದಿಷ್ಟು ಪುಣ್ಯವಾದರೂ ಬರುತ್ತಿತ್ತು. ಬಂದದ್ದು ಮೊಣಕಾಲು ನೋವು ಮತ್ತು ಸಿಟ್ಟು. ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದೇನೆ. ಸಿಟ್ಟಿಗೆ ಎಣ್ಣೆ ಸಿಗದ ಕಾರಣ ಇದನ್ನು ಬರೆಯುತ್ತಿದ್ದೇನೆ.

ಅಂಕಿಸಂಖ್ಯೆಯ ಕಚೇರಿಯಲ್ಲಿ ನಾನು ತನಿಖೆಗಾರನಾಗಿದ್ದೆ. ಹೆಸರು ದೊಡ್ಡದು, ಕೆಲಸ ಸಣ್ಣದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಅಂಗಡಿಗಳಿಗೆ ಹೋಗಿ ಮೂರು ಪ್ರಶ್ನೆ ಕೇಳಬೇಕು. ವ್ಯಾಪಾರ ಎಷ್ಟು? ದುಡಿಯುವವರು ಎಷ್ಟು ಜನ? ಅವರ ಪಗಾರ ಎಷ್ಟು? ಉತ್ತರವನ್ನು ಫಾರಂನಲ್ಲಿ ಬರೆದು, ಮಾಲೀಕರ ಸಹಿ ಹಾಕಿಸಿಕೊಂಡು ಕಚೇರಿಗೆ ಕೊಡಬೇಕು. ಅಲ್ಲಿಂದ ಅದು ಬೆಂಗಳೂರಿಗೆ ಹೋಗಿ ಕೋಷ್ಟಕವಾಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಅದೇ ಅಂಗಡಿ, ಅದೇ ಪ್ರಶ್ನೆ. ಹಿಂದಿನದಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸಕ್ಕೆ ನಕ್ಷೆಯಲ್ಲಿ ಗೆರೆ ಎಳೆದು, ಹಳ್ಳಿಗಾಡಿನ ವ್ಯಾಪಾರದಲ್ಲಿ ಉದ್ಯೋಗ ಏರಿತು ಅಥವಾ ಇಳಿಯಿತು ಎನ್ನುತ್ತಾರೆ. ಈ ಕೆಲಸಕ್ಕೆ ಈಗ ಹೊಸದಾಗಿ ಸೇರಿದವರಿಗೆ ಆ ಗೆರೆ ಎಳೆಯುವುದನ್ನು ಕಲಿಸುತ್ತಾರಂತೆ. ಗೆರೆಯ ಕೆಳಗೆ ಸಿಕ್ಕಿಕೊಂಡವರ ಬಗ್ಗೆ ಯಾರೂ ಹೇಳುವುದಿಲ್ಲವಾದ್ದರಿಂದ ನಾನು ಹೇಳುತ್ತೇನೆ.

ನಾನು ಸೇರಿದಾಗ ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಬಂದು ಕೆಲವೇ ವರ್ಷಗಳಾಗಿದ್ದವು. ಹಳೆಯ ಕಾಗದಗಳೆಲ್ಲ ಉರ್ದುವಿನಲ್ಲಿ, ಹೊಸ ಫಾರಂ ಇಂಗ್ಲಿಷಿನಲ್ಲಿ, ಅಂಗಡಿಯವರ ಉತ್ತರ ನಮ್ಮ ಕನ್ನಡದಲ್ಲಿ. ಕೆಲಸ ಕಲಿಸಿದವರು ಮಹಬೂಬ ಸಾಬರು, ಕಚೇರಿಯ ಹಿರಿಯ ಗುಮಾಸ್ತರು. ಮೊದಲ ದಿನವೇ ಅವರು ಹೇಳಿದ ಮಾತು ಯಾವ ಕೈಪಿಡಿಯಲ್ಲೂ ಇರಲಿಲ್ಲ.

“ನೋಡಪಾ, ಅಂಗಡಿಗ ಹೋದಕೂಡ್ಲೆ ಕಾಗದ ತೆಗೀಬ್ಯಾಡ. ಮೊದಲು ನೀರು ಕೇಳು. ನೀರು ಕುಡೀಲಾರದ ಲೆಕ್ಕ ಕೇಳ್ದವ ಟ್ಯಾಕ್ಸಿನವ. ನೀರು ಕುಡುದು ಕೇಳ್ದವ ಬೀಗ. ಬೀಗರ ಮುಂದ ಮಂದಿ ಜರಾ ಕಮ್ಮಿ ಸುಳ್ಳು ಹೇಳ್ತಾರ.”

ಮಾತು ನೂರಕ್ಕೆ ನೂರು ನಿಜವಾಗಿತ್ತು. ಮೂವತ್ತು ವರ್ಷ ನಾನು ನೀರು ಕುಡಿದೇ ಲೆಕ್ಕ ಕೇಳಿದೆ. ಬೇಸಿಗೆಯಲ್ಲಿ ಚಿತ್ತಾಪುರದ ಬಜಾರಿನಲ್ಲಿ ಮಧ್ಯಾಹ್ನದೊಳಗೆ ಹದಿನೈದು ಅಂಗಡಿಯ ನೀರು ಕುಡಿದು, ಹೊಟ್ಟೆಯಲ್ಲಿ ಕೊಡ ಅಲ್ಲಾಡಿಸಿದಂತೆ ನಡೆದದ್ದಿದೆ. ಆದರೆ ನೀರು ಯಾರು ಕೊಟ್ಟರು ಎಂದು ತಲೆ ಎತ್ತಿ ನೋಡಬೇಕೆಂದು ಮಹಬೂಬ ಸಾಬರು ಹೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಮೊದಲ ಪೆಟ್ಟು ತಿಂದದ್ದು ವಾಡಿಯಲ್ಲಿ. ಸ್ಟೇಷನ್ನಿನ ಹೊರಗೆ ಒಂದು ಚಹಾದ ಅಂಗಡಿ. ನೀರು ಕುಡಿದು, ದಿನಕ್ಕೆ ಎಷ್ಟು ವ್ಯಾಪಾರವಾಗುತ್ತದೆ ಎಂದು ಮಾಲೀಕನನ್ನು ಕೇಳಿದೆ.

“ಯಾವ ಗಾಡಿದು ಕೇಳಾಕತ್ತೀರಿ?” ಎಂದ.

“ಗಾಡಿದಲ್ಲಪ್ಪ, ದಿನದ್ದು.”

“ದಿನದ್ದು ನನಗೇನು ಗೊತ್ತದರಿ? ಗಾಡಿ ಟೈಮಿಗೆ ಬಂದ್ರ ನನಗ ಉಪಾಸ. ಎರಡು ತಾಸು ಲೇಟಾತಂದ್ರ ಹಬ್ಬ. ನೀವು ಸ್ಟೇಶನ್ ಮಾಸ್ತರನ ಕೇಳ್ರಿ, ಅಂವಗ ನನ್ನ ಧಂದಾ ಬರೋಬ್ಬರಿ ಗೊತ್ತದ.”

ಮುಂದಿನ ಸುತ್ತಿನಲ್ಲಿ ಅವನ ವ್ಯಾಪಾರ ಇಳಿದಿತ್ತು. ಕಾರಣ ಬರೆಯಿರಿ ಎಂದು ಫಾರಂ ಕೇಳುತ್ತದೆ. ‘ಗಾಡಿಗಳು ಸರಿಯಾದ ಹೊತ್ತಿಗೆ ಬರುತ್ತಿವೆ’ ಎಂದು ಬರೆದೆ. ಮೈಸೂರು ಕಡೆಯಿಂದ ಬಂದಿದ್ದ ನಮ್ಮ ಸಾಹೇಬರು ಕರೆಸಿ, “ಏನ್ರೀ ಇದು, ತಮಾಷೆ ಮಾಡ್ತಿದ್ದೀರಾ ಸರ್ಕಾರಿ ಕಾಗದದಲ್ಲಿ?” ಎಂದು ಅರ್ಧ ತಾಸು ಉಗಿದರು. ನಾನು ಅದನ್ನು ಹೊಡೆದುಹಾಕಿ ‘ಜನರ ಕೊಳ್ಳುವ ಶಕ್ತಿ ಕುಗ್ಗಿದೆ’ ಎಂದು ಬರೆದೆ. ಸಾಹೇಬರಿಗೆ ಬಹಳ ಸಂತೋಷವಾಯಿತು. ನಿಜ ಬರೆದರೆ ಉಗಿತ, ಬುರುಡೆ ಬಿಟ್ಟರೆ ಭೇಷ್. ಆ ಪಾಠವನ್ನು ನಾನು ಬೇಗ ಕಲಿತೆ. ನಾಚಿಕೆಯ ಮಾತು, ಆದರೂ ಬರೆಯುತ್ತಿದ್ದೇನೆ.

ಎರಡನೆಯ ಪಾಠ ಶಹಾಬಾದದ್ದು. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿ ಕೆಲಸದವರು ಸಾಮಾನು ಒಯ್ಯುವ ದೊಡ್ಡ ಕಿರಾಣಿ ಅಂಗಡಿ. ನನ್ನ ಹೆಗಲ ಚೀಲ ಕಂಡ ಕೂಡಲೇ ಇಬ್ಬರು ಹಿಂಬಾಗಿಲಿನಿಂದ ಹೋದರು. ಮೂರನೆಯವನು ಓಡಲು ಆಗದೆ ಈಚೆ ಬಂದು ಕಟ್ಟೆಯ ಮೇಲೆ ಕುಳಿತ.

“ಇವರು ಯಾರು?” ಎಂದೆ.

“ಗಿರಾಕಿರಿ,” ಎಂದ ಮಾಲೀಕ.

ನಾನಿದ್ದ ಅಷ್ಟೂ ಹೊತ್ತು ಆ ಗಿರಾಕಿ ಸಕ್ಕರೆ ಪೊಟ್ಟಣ ಕಟ್ಟುತ್ತಿದ್ದ. ಕೈಗೆ ರೂಢಿಯಾದದ್ದು, ಸುಮ್ಮನೆ ಕುಳಿತಿರಲು ಅದಕ್ಕೆ ಬರುವುದಿಲ್ಲ. ಕಚೇರಿಗೆ ಬಂದು ಸಾಹೇಬರಿಗೆ ಹೇಳಿದರೆ, “ನೀವು ಪೊಲೀಸರಲ್ಲ ಕಣ್ರೀ. ಮಾಲೀಕ ಏನ್ ಹೇಳ್ತಾನೋ ಅದನ್ನ ಬರ್ಕೊಂಡು ಬನ್ನಿ,” ಎಂದರು. ನಾನು ‘ಆಳು: ಇಲ್ಲ’ ಎಂದು ಬರೆದೆ. ಚಿಂಚೋಳಿ ತಾಲೂಕಿನ ಕೊಡ್ಲಿಯಲ್ಲಿ ಬೇವಿನ ಗಿಡದ ಕೆಳಗೆ ಬಳೆ ಮಾರುವ ಹೆಣ್ಣುಮಗಳು ತನ್ನದೂ ಅಂಗಡಿಯೇ, ಬರೆದುಕೊಳ್ಳಿ ಎಂದಾಗ ಗೋಡೆ ಇಲ್ಲದ್ದು ಅಂಗಡಿಯಲ್ಲ ಎಂದು ಕೈಪಿಡಿ ತೋರಿಸಿ ಬಂದೆ. ಆಕೆ ನನ್ನನ್ನು ನೋಡಿ ನಕ್ಕಳು. ನಗಬೇಕಾದದ್ದೇ.

ಇವೆಲ್ಲ ನಕ್ಕು ಮರೆಯುವ ಕತೆಗಳು. ಮರೆಯಲಾಗದ್ದು ಸೇಡಂದು.

ಸೇಡಂ ಬಜಾರಿನಲ್ಲಿ ಬಸಣ್ಣ ಸಾವ್ಕಾರರ ಕಾಳುಕಡಿ ಅಂಗಡಿ ಇತ್ತು. ಅಂಗಡಿ ಅವರದು, ಕೆಲಸ ಕಾಶಮ್ಮನದು. ನಾನು ಮೊದಲ ಸಲ ಹೋದಾಗ ಆಕೆಗೆ ಇಪ್ಪತ್ತರ ಸುಮಾರು ವಯಸ್ಸು. ಗಂಡ ಬಿಟ್ಟುಹೋಗಿ ತವರಿಗೆ ಬಂದಿದ್ದಳು. ಬೆಳಿಗ್ಗೆ ಬಾಗಿಲು ತೆಗೆದು ಕಸ ಹೊಡೆಯುವುದರಿಂದ ಹಿಡಿದು, ತೊಗರಿ ಹಸನು ಮಾಡುವುದು, ತೂಗುವುದು, ಕಟ್ಟಿಕೊಡುವುದು, ಉದ್ರಿ ಕೇಳುವವರಿಗೆ ಇಲ್ಲ ಎನ್ನುವುದು ಎಲ್ಲ ಆಕೆಯೇ. ಸಾವ್ಕಾರರು ಗಾದಿಯ ಮೇಲೆ ಕುಳಿತು ದುಡ್ಡು ತೆಗೆದುಕೊಳ್ಳುತ್ತಿದ್ದರು. ಕಿಲೋ ಕಲ್ಲುಗಳು ಹೊಸದಾಗಿ ಬಂದ ಕಾಲ. ಗಿರಾಕಿಗಳು ಸೇರು, ಪಾವು ಎಂದೇ ಕೇಳುತ್ತಿದ್ದರು. ಸಾವ್ಕಾರರು ಬೆರಳು ಮಡಚಿ ಎಣಿಸುವಷ್ಟರಲ್ಲಿ ಕಾಶಮ್ಮ ತೂಕ ಹಾಕಿ, ಬೆಲೆ ಹೇಳಿ, ಮುಂದಿನ ಗಿರಾಕಿಯ ಚೀಲ ಬಿಚ್ಚಿರುತ್ತಿದ್ದಳು. ಕೈಯಲ್ಲಿ ಕಾಳು ಹಿಡಿದರೆ ಅದು ಯಾವ ಕಡೆಯ ತೊಗರಿ, ದಂಡೋತಿಯ ಹೊಳೆದಂಡೆಯದೋ ಚಿಂಚೋಳಿಯ ಕೆಂಪು ನೆಲದ್ದೋ ಎಂದು ಹೇಳುತ್ತಿದ್ದಳು. ಓದು ಬರಹ ಇರಲಿಲ್ಲ.

ನೀರು ತಂದುಕೊಟ್ಟವಳೂ ಆಕೆಯೇ. ಕುಡಿದು ಲೋಟ ಕೆಳಗಿಟ್ಟು ಸಾವ್ಕಾರರನ್ನು ಕೇಳಿದೆ. “ಅಂಗಡ್ಯಾಗ ಆಳು ಎಷ್ಟು ಮಂದಿ?”

“ಆಳು ಯಾರೂ ಇಲ್ರಿ. ನಾನೊಬ್ಬನ.”

“ಈಕೆ?”

“ಆಕಿ ಮನೀ ಮಗಳಿದ್ದಂಗರಿ.”

ಇಲ್ಲಿ ಫಾರಂನ ವಿಷಯ ಸ್ವಲ್ಪ ಹೇಳಬೇಕು. ದುಡಿಯುವವರಿಗೆ ಅದರಲ್ಲಿ ಎರಡು ಕಾಲಂ. ಒಂದು, ತಿಂಗಳಿಗೆ ಇಷ್ಟು ಎಂದು ಸಂಬಳ ಪಡೆಯುವವರು. ಇನ್ನೊಂದು, ಸಂಬಳವಿಲ್ಲದೆ ದುಡಿಯುವ ಮಾಲೀಕನ ಮನೆಯವರು. ನಮ್ಮ ಕಡೆಯ ಅಂಗಡಿಗಳಲ್ಲಿ ಆಗ ತಿಂಗಳ ಪಗಾರದ ಪದ್ಧತಿಯೇ ಕಡಿಮೆ. ಮಧ್ಯಾಹ್ನದ ರೊಟ್ಟಿ, ವರ್ಷಕ್ಕೆ ಎರಡು ಸೀರೆ, ಹಸನು ಮಾಡಿ ಉಳಿದ ನುಚ್ಚು, ದೀಪಾವಳಿಗೆ ಕೈಗಿಷ್ಟು ದುಡ್ಡು. ಪಾಡ್ಯದ ದಿನ ಪೂಜೆಯಾದ ಮೇಲೆ ಸಾವ್ಕಾರ ಎಲೆ ಅಡಿಕೆ ಕೊಡುತ್ತಾನೆ. ಎಲೆ ಸಿಕ್ಕವರು ಮುಂದಿನ ಪಾಡ್ಯದವರೆಗೆ ಕೆಲಸಕ್ಕಿದ್ದಾರೆ ಎಂದರ್ಥ. ಎಲೆ ಸಿಗದವರು ಬಾಯಿ ಬಿಟ್ಟು ಕೇಳದೆ ಮರುದಿನದಿಂದ ಬರುವುದಿಲ್ಲ. ನೇಮಕದ ಆರ್ಡರೂ ಅದೇ, ಕೆಲಸದಿಂದ ತೆಗೆಯುವ ಆರ್ಡರೂ ಅದೇ. ಬೆಂಗಳೂರಿನಲ್ಲಿ ಕುಳಿತು ಫಾರಂ ಮಾಡಿದ ಪುಣ್ಯಾತ್ಮರಿಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನು ಹುಟ್ಟಿ ಬೆಳೆದದ್ದೇ ಅಂಥ ಬಜಾರಿನಲ್ಲಿ.

ಕಾಶಮ್ಮನಿಗೆ ತಿಂಗಳ ಪಗಾರ ಇಲ್ಲ, ಆದ್ದರಿಂದ ಮೊದಲ ಕಾಲಮಿಗೆ ಸೇರಳು. ರಕ್ತಸಂಬಂಧವಿಲ್ಲ, ಆದ್ದರಿಂದ ಎರಡನೆಯದಕ್ಕೂ ಸೇರಳು. ಎರಡರಲ್ಲೂ ‘ಇಲ್ಲ’ ಎಂದು ಬರೆದೆ. ಪಗಾರದ ಅರ್ಥವನ್ನು ಸ್ವಲ್ಪ ಹಿಗ್ಗಿಸಿ, ಪಕ್ಕದಲ್ಲಿ ಒಂದು ಸಾಲು ಟಿಪ್ಪಣಿ ಬರೆದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಸಾಹೇಬರು ಕರೆಸಿ ಕೇಳುತ್ತಾರೆ, ಉತ್ತರ ಕೊಡಬೇಕಾಗುತ್ತದೆ ಎಂಬ ಸೋಮಾರಿತನ ಅಷ್ಟೇ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುತ್ತಾರಲ್ಲ, ಕಾಶಮ್ಮನನ್ನು ಹಾಗೆ ಮಾಡಿದವನು ಸಾವ್ಕಾರನೊಬ್ಬನೇ ಅಲ್ಲ.

ಹೊರಡುವಾಗ ಆಕೆ ಕಟ್ಟೆಯ ತನಕ ಬಂದಳು.

“ಸಾಹೇಬ್ರ, ನಂದೂ ಬರಕೊಂಡ್ರೇನ್ರಿ?”

“ಬರಕೊಂಡೀನವ್ವಾ.”

ಯಾಕೆ ಹಾಗೆ ಹೇಳಿದೆನೋ! ಇಲ್ಲ ಎಂದರೆ ಕಾರಣ ಹೇಳಬೇಕು, ಬಸ್ಸಿಗೆ ಹೊತ್ತಾಗಿತ್ತು. ಆಮೇಲೆ ಪ್ರತಿ ಸುತ್ತಿನಲ್ಲೂ ಅದೇ. ನೀರು, ಸಹಿ, ಕಟ್ಟೆಯ ಮೇಲೆ ಆಕೆಯ ಪ್ರಶ್ನೆ, ನನ್ನ ‘ಹೂಂ’. ರಾಜ್ಯದ ಹೆಸರು ಕರ್ನಾಟಕವಾಯಿತು, ಫಾರಂ ಕನ್ನಡಕ್ಕೆ ಬಂತು, ಕೈಯಲ್ಲಿ ಕೂಡುತ್ತಿದ್ದ ಲೆಕ್ಕ ಯಂತ್ರಕ್ಕೆ ಹೋಯಿತು. ಕಾಲಂ ಎರಡೇ ಉಳಿದವು. ಕಾಶಮ್ಮನ ತಲೆಯಲ್ಲಿ ಬಿಳಿಕೂದಲು ಬಂದವು.

ಮಳಖೇಡದ ಕಡೆ ಸಿಮೆಂಟ್ ಕಾರ್ಖಾನೆ ಎದ್ದ ಕಾಲದಲ್ಲಿ ಒಂದು ದಿನ ಆಕೆ ಗುಲ್ಬರ್ಗದ ನಮ್ಮ ಕಚೇರಿಗೆ ಬಂದಳು. ಯಾರನ್ನೋ ಕೇಳಿ, ಮತ್ತ್ಯಾರನ್ನೋ ಕೇಳಿ ನನ್ನ ಮೇಜು ಹುಡುಕಿಕೊಂಡಿದ್ದಳು. ಕುಳಿತುಕೋ ಎಂದರೂ ಕುಳಿತುಕೊಳ್ಳಲಿಲ್ಲ.

“ಈ ಸಲ ಪಾಡ್ಯಕ್ಕ ಎಲಿ ಕೊಡಲಿಲ್ರಿ,” ಎಂದಳು. “ನನ್ನ ಕೈಲೆ ಮೂಟಿ ಎತ್ತಾಕ ಆಗಲ್ಲಂತ. ಬ್ಯಾರೆ ಹುಡುಗೀನ ಇಟಕೊಂಡಾರ.”

ಆಕೆಯೇ ಮುಂದುವರಿಸಿದಳು. “ಇರ್ಲಿ ಬಿಡ್ರಿ, ಅದಕ್ಕ ಅಳಾಕ ಬಂದಿಲ್ಲ ನಾ. ಕಾರ್ಖಾನಿ ಕಾಲನ್ಯಾಗ ದಿನಸಿ ಅಂಗಡಿ ತೆಗಿಯಾಕತ್ತಾರ. ತೂಗಿ ಕಟ್ಟಿಕೊಡೋರು ಬೇಕಂತ. ತಿಂಗಳ ಪಗಾರ! ಆದ್ರ ಅಂಗಡ್ಯಾಗ ದುಡಿದಿದ್ದು ಕಾಗದ ಬೇಕಂತ. ಈ ತಿಂಗಳ ಆಖರಿಗೆ ಕೊಡಬೇಕು. ನಿಮ್ಮ ಸರಕಾರಿ ಕಾಗದದಾಗ ನನ್ನ ಬರದೀರಲ್ರಿ, ಇಪ್ಪತ್ತು ವರ್ಷದಿಂದ. ಅದರ ನಕಲು ಒಂದು ಕೊಡ್ರಿ, ಸಾಕು.”

ತಿಂಗಳ ಪಗಾರ ಎನ್ನುವಾಗ ಆಕೆಯ ಮುಖ ಹೇಗಾಗಿತ್ತು ಎಂದರೆ, ಅದನ್ನು ನೆನೆದರೆ ಇಂದಿಗೂ ನನಗೆ ನನ್ನ ಮೇಲೇ ಕೈ ಎತ್ತಬೇಕೆನಿಸುತ್ತದೆ. ನಾಲ್ಕು ದಿನ ಬಿಟ್ಟು ಬಾ ಎಂದು ಕಳಿಸಿದೆ. ಆ ಗಳಿಗೆಯಲ್ಲೂ ನಿಜ ಹೇಳುವ ಧೈರ್ಯ ಬರಲಿಲ್ಲ.

ಹಳೆಯ ಕಾಗದದ ಕೋಣೆಯಲ್ಲಿ ಹಿಂದಿನ ಸುತ್ತಿನ ಫಾರಂನ ಕಾರ್ಬನ್ ನಕಲು ಸಿಕ್ಕಿತು. ‘ಸಂಬಳದ ಆಳು: ಇಲ್ಲ. ದುಡಿಯುವ ಮನೆಯವರು: ಇಲ್ಲ. ಒಟ್ಟು: ಮಾಲೀಕ ಒಬ್ಬರು.’ ಮುತ್ತು ಪೋಣಿಸಿದಂಥ ಅಕ್ಷರ ಎಂದು ಕಚೇರಿಯಲ್ಲೆಲ್ಲ ಹೊಗಳಿಸಿಕೊಂಡ ನನ್ನದೇ ಕೈಬರಹ.

ಆಗ ಇದ್ದ ಸಾಹೇಬರ ಮುಂದೆ ಹೋಗಿ ನಿಂತೆ. ಇವರೂ ಮೈಸೂರು ಕಡೆಯವರೇ, ಹಿಂದಿನವರಿಗಿಂತ ಮೆದು ಮಾತಿನವರು. ಈ ಹೆಣ್ಣುಮಗಳು ಆ ಅಂಗಡಿಯಲ್ಲಿ ದುಡಿದದ್ದನ್ನು ಇಪ್ಪತ್ತು ವರ್ಷ ಕಣ್ಣಾರೆ ಕಂಡಿದ್ದೇನೆ, ಕಚೇರಿಯಿಂದ ಒಂದು ಪತ್ರ ಕೊಡೋಣ ಎಂದೆ.

“ಅಂಗಡಿ ಮಾಹಿತಿಯೆಲ್ಲ ಗೌಪ್ಯ ಅಲ್ವೇನ್ರೀ? ಅದೂ ಅಲ್ದೆ ನಿಮ್ಮ ಫಾರಂನಲ್ಲೇ ಆಳಿಲ್ಲ ಅಂತಿದೆ.”

“ಫಾರಂ ತಪ್ಪು ಸರ್. ತಪ್ಪು ನಂದು.”

“ಹಾಗಂತ ಬರೆದುಕೊಟ್ರೆ ನೀವು ತುಂಬಿರೋ ಎಲ್ಲ ಫಾರಂ ತಪ್ಪು ಅಂತಾಗುತ್ತೆ. ನೋಡಿ, ನಾವು ಎಣಿಸೋರು. ಸಾಕ್ಷಿ ಹೇಳೋರಲ್ಲ.”

ಈ ಮಾತನ್ನು ಅವರು ತತ್ವ ಹೇಳಿದಂತೆ ಹೇಳಿದರು. ನನಗೆ ಮೈ ಉರಿಯಿತು. ಕಂಡದ್ದಕ್ಕೆ ಸಾಕ್ಷಿ ಹೇಳದವನು ಎಣಿಸಿ ಏನು ಮಾಡುತ್ತಾನೆ? ಎಣಿಕೆ ಎಂದರೆ ಸಾಕ್ಷಿಯಲ್ಲದೆ ಇನ್ನೇನು? ರಜೆ ಚೀಟಿ ಬರೆದಿಟ್ಟು ಸೇಡಂ ಬಸ್ಸು ಹತ್ತಿದೆ.

ಬಸಣ್ಣ ಸಾವ್ಕಾರರು ಗಾದಿಯ ಮೇಲೆ ಅದೇ ಭಂಗಿಯಲ್ಲಿದ್ದರು. “ಬರ್ರಿ, ಬರ್ರಿ, ಕುಂದ್ರಿ. ಏ, ನೀರು ತಾರವ್ವ!” ನಾನು ನೀರು ಬೇಡ ಎಂದೆ. ಅಷ್ಟು ವರ್ಷಗಳಲ್ಲಿ ಆ ಅಂಗಡಿಯಲ್ಲಿ ನೀರು ಬೇಡ ಎಂದದ್ದು ಅದೇ ಮೊದಲು. ಅವರಿಗೂ ಏನೋ ತಟ್ಟಿತು.

“ಕಾಶಮ್ಮ ಇಲ್ಲಿ ದುಡಿದಾಳಂತ ಎರಡು ಸಾಲು ಬರದು ಕೊಡ್ರಿ. ಆಕೀಗೆ ನೌಕರಿ ಸಿಗ್ತದ.”

“ಏ, ಬಿಡ್ರಿ ಸಾಹೇಬ್ರ. ಆಕಿ ನಮ್ಮ ಮನೀ ಮಗಳಿದ್ದಂಗ. ಮಗಳಿಗ ಯಾರಾರ ಸರ್ಟಿಫಿಕೇಟ್ ಕೊಡ್ತಾರೇನ್ರಿ?”

“ಮಗಳಾದ್ರ ಆಸ್ತ್ಯಾಗ ಪಾಲು ಕೊಡ್ರಿ ಹಂಗಾರ!” ಎಂದುಬಿಟ್ಟೆ. ಕಟ್ಟೆಯ ಮೇಲಿದ್ದ ಗಿರಾಕಿಗಳು ತಿರುಗಿ ನೋಡಿದರು. ಸಾವ್ಕಾರರ ಮುಖ ಕಪ್ಪಿಟ್ಟಿತು. ಆದರೆ ಅವರು ವ್ಯಾಪಾರದಲ್ಲಿ ನುರಿತವರು, ದನಿ ಏರಿಸಲಿಲ್ಲ.

“ಸಿಟ್ಟು ಯಾಕ್ರಿ? ಅಂಗಡ್ಯಾಗ ಆಳಿಲ್ಲ ಅಂತ ನೀವ ಬರದು ನನ್ನ ಸಹಿ ತಗೊಂಡೀರಿ, ಒಂದಲ್ಲ, ಏಳೆಂಟು ಸಲ. ಈಗ ಆಳಿದ್ಳು ಅಂತ ನಾ ಬರದ್ರ ಸುಳ್ಳಾಡಿದವರು ಯಾರಾದಂಗ ಆತು? ನೀವೋ, ನಾನೋ?”

ನಾನು ಕೆಳಗಿಳಿದು ಬಂದೆ.

ಕಾಶಮ್ಮ ಹೇಳಿದ ದಿನಕ್ಕೆ ಬಂದಳು. ಎಲ್ಲವನ್ನೂ ಹೇಳಿದೆ. ಮೊದಲ ದಿನದ ‘ಬರಕೊಂಡೀನವ್ವಾ’ ಸುಳ್ಳು ಎಂದೂ ಹೇಳಿದೆ. ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಬಿಳಿ ಹಾಳೆಯ ಮೇಲೆ ನನ್ನ ಸ್ವಂತ ಹೆಸರಿನಲ್ಲಿ, ಈಕೆ ತೂಗುವುದನ್ನೂ ಮಾರುವುದನ್ನೂ ಇಷ್ಟು ವರ್ಷ ಕಂಡಿದ್ದೇನೆ ಎಂದು ಬರೆದು ಸಹಿ ಹಾಕಿ ಕೊಟ್ಟೆ. ಕೆಲಸ ಹೋದರೂ ಹೋಗಲಿ ಎಂದುಕೊಂಡೇ ಕೊಟ್ಟೆ. ಅದು ಹೋಗಲಿಲ್ಲ, ಅಷ್ಟು ಬೆಲೆಯೂ ಆ ಹಾಳೆಗಿರಲಿಲ್ಲ. ಕಾಲನಿಯ ಅಂಗಡಿಯವರು ಅದನ್ನು ಓದಿ, ಮಾಲೀಕರ ಕಾಗದ ಬೇಕಮ್ಮ, ನೋಡಿದವರದಲ್ಲ ಎಂದು ಮರ್ಯಾದೆಯಿಂದಲೇ ವಾಪಸು ಕೊಟ್ಟರಂತೆ. ತಿಂಗಳು ಮುಗಿಯಿತು. ಜಾಗ ತುಂಬಿತು.

ಕೆಲವು ತಿಂಗಳ ನಂತರ ಸೇಡಂ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಮೈಮೇಲೆಲ್ಲ ಬೇಳೆಯ ಹುಡಿ. ದಾಲ್ ಮಿಲ್ಲಿನಲ್ಲಿ ದಿನಗೂಲಿಗೆ ಹಸನು ಮಾಡಲು ಹೋಗುತ್ತಿದ್ದಳು. ಹಂಗಾಮು ಇದ್ದಾಗ ಕೆಲಸ, ಇಲ್ಲದಾಗ ಇಲ್ಲ. ಆ ಹಾಳೆಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ನನ್ನ ಕೈಗಿಟ್ಟಳು.

“ಇದು ನಡೀಲಿಲ್ರಿ.”

“ತಪ್ಪಾತವ್ವ,” ಎಂದೆ.

ಆಕೆ ಬಸ್ಸಿನ ಕಡೆ ನೋಡುತ್ತ ಹೇಳಿದಳು. “ಒಂದು ಮಾತು ಕೇಳ್ಲೇನ್ರಿ? ಪ್ರತಿ ಸಲ ನನ್ನ ಕೈಯಾಗಿನ ನೀರು ಕುಡುದ ಮ್ಯಾಲ ಬರಿಯಾಕ ಕುಂದರ್ತಿದ್ರಿ. ಲೋಟ ಬಾಜೂಕ ಇರ್ತಿತ್ತು. ಅಂಗಡ್ಯಾಗ ಒಬ್ಬನ ಅದಾನ, ಅಂವ ಗಾದಿ ಬಿಟ್ಟು ಎದ್ದಿಲ್ಲ. ಹಂಗಾರ ಈ ನೀರು ಯಾರು ಕೊಟ್ರು ಅಂತ ನಿಮಗ ಅನಸಲಿಲ್ಲೇನ್ರಿ?”

ಬಸ್ಸು ಬಂತು. ಹತ್ತಿ ಹೋದಳು.

ಅವತ್ತಿನಿಂದ ನಾನು ಕೆಲಸ ಮಾಡುವ ರೀತಿ ಬದಲಾಯಿತು. ನಿವೃತ್ತಿಗೆ ಮುಂಚೆ ಉಳಿದಿದ್ದ ಎರಡು ಸುತ್ತುಗಳಲ್ಲಿ ನೀರಿನ ಲೋಟ ಯಾರ ಕೈಯಲ್ಲಿ ಬಂತೋ ಅವರ ಹೆಸರು ಕೇಳದೆ ಕುಡಿಯಲಿಲ್ಲ. ಬಸಣ್ಣ ಸಾವ್ಕಾರರ ಅಂಗಡಿಯಲ್ಲಿ ಲೋಟ ಹಿಡಿದು ಬಂದ ಹುಡುಗಿ ತನ್ನ ಹೆಸರು ಮಹಾದೇವಿ ಎಂದಳು. ಸಾವ್ಕಾರರು ಗಾದಿಯಿಂದಲೇ, “ಆಕಿ ಮನೀ ಮಗಳಿದ್ದಂಗರಿ,” ಎಂದರು. ನಾನು ಅವರೆದುರೇ ಗಟ್ಟಿಯಾಗಿ ಓದುತ್ತ ಬರೆದೆ. ‘ಸಂಬಳದ ಆಳು: ಒಂದು. ಸಂಬಳ: ರೊಟ್ಟಿ, ಸೀರೆ, ನುಚ್ಚು, ಪಾಡ್ಯದ ಎಲೆ.’ ಸಹಿ ಹಾಕುವುದಿಲ್ಲ ಎಂದರು. ಹಾಕಬೇಡಿ, ನಿರಾಕರಿಸಿದರು ಎಂದು ಬರೆಯುತ್ತೇನೆ ಎಂದೆ. ಹಾಕಿದರು. ಶಹಾಬಾದದಲ್ಲಿ ಪೊಟ್ಟಣ ಕಟ್ಟುವ ‘ಗಿರಾಕಿ’ಗಳನ್ನೂ ಬರೆದೆ. ಸೇಡಂ, ಚಿತ್ತಾಪುರ, ಚಿಂಚೋಳಿಯಲ್ಲಿ ಗಾದಿಯ ಹಿಂದೆ, ಬಾಗಿಲ ಸಂದಿಯಲ್ಲಿ, ಗೋದಾಮಿನ ಹುಡಿಯೊಳಗೆ ನಿಂತವರನ್ನೆಲ್ಲ ಬರೆದೆ.

ನನ್ನ ಫಾರಂಗಳಲ್ಲಿ ಆಳುಗಳ ಲೆಕ್ಕ ಒಮ್ಮೆಲೆ ಜಿಗಿಯಿತು. ವಿವರಣೆ ಕೇಳಿ ಬೆಂಗಳೂರಿನಿಂದ ಕಾಗದ ಬಂತು. ಹೊಸಬರು ಯಾರೂ ಬಂದಿಲ್ಲ, ಇವರು ಮೊದಲಿನಿಂದಲೂ ಅಲ್ಲಿಯೇ ಇದ್ದಾರೆ, ನಾವು ಈಗ ಬರೆದಿದ್ದೇವೆ ಎಂದು ಉತ್ತರಿಸಿದೆ. ಆ ಉತ್ತರವನ್ನು ಯಾವ ಫೈಲಿನಲ್ಲಿ ಹೂತರೋ ಗೊತ್ತಿಲ್ಲ. ಕೆಲವು ತಿಂಗಳ ಮೇಲೆ ಅಚ್ಚಾಗಿ ಬಂದ ವರದಿಯಲ್ಲಿ ನಮ್ಮ ತಾಲೂಕುಗಳ ಗೆರೆ ಮೇಲಕ್ಕೆ ಏರಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ, ಗ್ರಾಮೀಣ ಚಿಲ್ಲರೆ ವ್ಯಾಪಾರದಲ್ಲಿ ಗಮನಾರ್ಹ ಉದ್ಯೋಗ ಸೃಷ್ಟಿಯಾಗಿದೆ ಎಂದಿತ್ತು. ಸೃಷ್ಟಿ ಮಾಡಿದರಂತೆ! ಸಾಹೇಬರು ಕಚೇರಿಯವರಿಗೆಲ್ಲ ಪೇಡೆ ಹಂಚಿದರು. ನಾನು ತಿನ್ನಲಿಲ್ಲ.

ಆ ವರದಿ ಈಗಲೂ ನನ್ನ ಬಳಿ ಇದೆ. ಬಿಳಿ ಹಾಳೆಯನ್ನೂ ಅದರೊಳಗೇ ಮಡಚಿಟ್ಟಿದ್ದೇನೆ. ಆ ಏರಿದ ಗೆರೆಯಲ್ಲಿ ಮಹಾದೇವಿ ಇದ್ದಾಳೆ, ಶಹಾಬಾದದ ಪೊಟ್ಟಣದವರಿದ್ದಾರೆ. ಇಪ್ಪತ್ತು ವರ್ಷ ನನ್ನ ಕೈಗೆ ನೀರು ಕೊಟ್ಟ ಕಾಶಮ್ಮ ಮಾತ್ರ ಇಲ್ಲ.